ಹಲಸಿನ ಮರ ಮತ್ತು ಏಳನೆಯ ಕಟ್ಟಳೆ



ಹಣ್ಣಿನ ಮರದ ವಂಶವಾಹಿಯನ್ನೇ ಬದಲಿಸಿ ಅದನ್ನು ಉತ್ತಮಗೊಳಿಸುವುದು ದೇವರ ಸೃಷ್ಟಿಗೆ ಎಸಗುವ ಅಪಚಾರವೇ? ಹೊಲ, ತೋಟ ಉಳ್ಳ ನಮ್ಮ ಕಥೋಲಿಕ ಕುಟುಂಬಗಳು ಇನ್ನು ಬಹುಕಾಲ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರವು. 2025ರ ಮೇ ತಿಂಗಳಲ್ಲಿ ಭಾರತ ಸರಕಾರ ವಂಶವಾಹಿ ತಿದ್ದಿದ ಎರಡು ಭತ್ತದ ತಳಿಗಳನ್ನು ಪ್ರಕಟಿಸಿತು. ಇಂದು ಭತ್ತಕ್ಕೆ ಬಂದದ್ದು ನಾಳೆ ಬಾಳೆಗೆ, ನಾಡಿದ್ದು ತೆಂಗಿಗೆ, ಮಾವಿಗೆ, ಹಲಸಿಗೆ ಬಾರದೇ ಇರುತ್ತದೆಯೇ? ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಜನರಿಗಂತೂ ಇದು ಪರದೇಶದ ಸುದ್ದಿಯಲ್ಲ, ಮನೆ ಬಾಗಿಲಿನ ಮಾತು.

ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳು ಸದಾ ಸಿದ್ಧವಾಗಿವೆ. ವಿಜ್ಞಾನ ಇಷ್ಟು ಮುಂದುವರಿದಿರುವಾಗ ಧರ್ಮಕ್ಕೇಕೆ ಇದರ ಗೊಡವೆ ಎನ್ನುವುದು ಒಂದು. ದೇವರು ಮಾಡಿದ್ದನ್ನು ಮನುಷ್ಯ ಮುಟ್ಟಲೇಬಾರದು ಎನ್ನುವುದು ಇನ್ನೊಂದು. ಒಂದನ್ನು ಹೇಳುವವರು ಸಂತೆಯಲ್ಲಿ ಸಿಗುತ್ತಾರೆ, ಇನ್ನೊಂದನ್ನು ಹೇಳುವವರು ದೇವಾಲಯದ ಅಂಗಳದಲ್ಲೇ ಸಿಗುತ್ತಾರೆ. ಎರಡೂ ನಮ್ಮನ್ನು ಯೋಚಿಸುವ ಶ್ರಮದಿಂದ ಪಾರುಮಾಡುತ್ತವೆ, ಅಷ್ಟೆ. ಆದ್ದರಿಂದ ಪ್ರಯೋಗಶಾಲೆಯ ವಿಚಾರಕ್ಕೆ ಹೋಗುವ ಮುನ್ನ ನಮ್ಮದೇ ಸೀಮೆಯ ಒಂದು ಮರದ ಬಳಿಗೆ ಹೋಗೋಣ.

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಆದರೆ ಬಯಲುಸೀಮೆಯ ನಮ್ಮ ರೈತನಿಗೆ ಹಲಸು ಎಂದೂ ದೊಡ್ಡ ಬೆಳೆಯಾಗಿರಲಿಲ್ಲ. ಅದು ಬದುವಿನ ಮರ. ರಾಗಿಗೆ ಗೊಬ್ಬರ, ಅಡಿಕೆಗೆ ನೀರು, ತೆಂಗಿಗೆ ಆರೈಕೆ. ಹಲಸಿಗೆ ಮಾತ್ರ ಏನೂ ಇಲ್ಲ. ಬಾವಿಯ ಪಕ್ಕದಲ್ಲೋ ಹಿತ್ತಿಲ ಮೂಲೆಯಲ್ಲೋ ಯಾರೋ ಊರಿದ ಬೀಜ, ಇಲ್ಲವೇ ಯಾರೋ ಉಗಿದ ಬೀಜ, ಮೊಳೆತು ಮರವಾಗುತ್ತದೆ. ‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆಯನ್ನು ಕಟ್ಟಿದವರು ಹೊಟ್ಟೆಯ ಹಸಿವನ್ನು ಬಲ್ಲವರೇ ಇರಬೇಕು. ಕಣಜ ಬರಿದಾಗುವ ಬೇಸಗೆಯ ಕೊನೆಗೆ ಸರಿಯಾಗಿ ಈ ಹಣ್ಣು ಬರುತ್ತದೆ. ತೊಳೆ ತಿನ್ನಬಹುದು, ಬೀಜ ಬೇಯಿಸಬಹುದು, ಎಳೆಯ ಕಾಯಿ ಸಾರಿಗೆ ಆಗುತ್ತದೆ, ಉಳಿದದ್ದು ದನಕ್ಕೆ.

ಇದೇ ಚೇಳೂರಿನಲ್ಲಿ ಸಿದ್ದಪ್ಪ ಎಂಬ ರೈತರು ನೆಟ್ಟ ಒಂದು ಹಲಸಿನ ಮರವಿತ್ತು. ಅದರ ತೊಳೆಯ ಬಣ್ಣ ತಾಮ್ರದ ಕೆಂಪು. ಕೆಂಪು ತೊಳೆಯ ಹಲಸನ್ನು ನಮ್ಮ ಕಡೆ ಚಂದ್ರ ಹಲಸು ಎನ್ನುತ್ತಾರೆ, ಅದು ಹೊಸತೇನಲ್ಲ. ಆದರೆ ಈ ಮರದ ಹಣ್ಣು ಸಣ್ಣದು, ಸರಾಸರಿ ಎರಡೂವರೆ ಕಿಲೋ ತೂಗುವಂಥದು. ಹತ್ತು ಹದಿನೈದು ಕಿಲೋ ಹಣ್ಣನ್ನು ಹೊತ್ತು ತಂದು, ಕೈಗೆ ಎಣ್ಣೆ ಸವರಿಕೊಂಡು ಬಿಡಿಸಿ, ಬೀದಿಗೆಲ್ಲ ಹಂಚುವ ಕಾಲ ಹೋಯಿತಲ್ಲವೇ? ನಾಲ್ಕು ಜನರ ಸಂಸಾರ ಒಂದು ಹೊತ್ತಿಗೆ ತಿಂದು ಮುಗಿಸಬಹುದಾದ ಹಲಸು ಇದು. ರುಚಿಯೂ ಹಾಗೆಯೇ. ಬಹಳ ಕಾಲ ಆ ಮನೆಯವರು ಹಣ್ಣನ್ನು ನೆಂಟರಿಷ್ಟರಿಗೆ ಕೊಡುತ್ತಿದ್ದರು. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೊಂದಿದೆ. ಅಲ್ಲಿನ ವಿಜ್ಞಾನಿಗಳು ಈ ಹಣ್ಣನ್ನು ಪರೀಕ್ಷಿಸಿದಾಗ ಅದರಲ್ಲಿ ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ಎಂಬ ಅಂಶವೂ ಇತರ ಪೋಷಕಾಂಶಗಳೂ ಹೇರಳವಾಗಿರುವುದು ಕಂಡುಬಂತು. ಅವರು ಅದಕ್ಕೆ ನೆಟ್ಟವರ ಹೆಸರನ್ನೇ ಇಟ್ಟು ‘ಸಿದ್ದು’ ಎಂದು ಕರೆದರು.

ಅವರು ಇನ್ನೊಂದು ಕೆಲಸವನ್ನೂ ಮಾಡಿದರು. ನನ್ನ ಮಟ್ಟಿಗೆ ಹಣ್ಣಿನ ರುಚಿಗಿಂತ ಇದೇ ದೊಡ್ಡದು. 2017ರಲ್ಲಿ ಸಂಸ್ಥೆಯವರು ಸಿದ್ದಪ್ಪನವರ ಮಗನೊಡನೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಕಸಿ ಸಸಿ ಮಾಡುವ ವಿದ್ಯೆ ಸಂಸ್ಥೆಯದು, ಮರ ರೈತನದು. ಸಸಿ ಮಾರಿ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ರೈತನಿಗೆ. ಸರಕಾರಿ ಸಂಸ್ಥೆಯೊಂದು ಹಳ್ಳಿಯ ಮನೆಗೆ ಬಂದು, ಈ ಮರ ನಿಮ್ಮದು, ಅದರ ಫಲದ ದೊಡ್ಡ ಪಾಲೂ ನಿಮ್ಮದೇ ಎಂದು ಕಾಗದದ ಮೇಲೆ ಬರೆದುಕೊಡುವುದು ದಿನಾ ನಡೆಯುವ ಸಂಗತಿಯಲ್ಲ. ಮುಂದೆ ಇದೇ ಜಿಲ್ಲೆಯ ಇನ್ನೊಂದು ಹಲಸಿನ ಮರ ‘ಶಂಕರ’ ಎಂಬ ಹೆಸರಿನಲ್ಲಿ ತಳಿಯಾಯಿತು. ಅದೂ ರೈತನ ಹೆಸರಿನಿಂದಲೇ ಬಂದದ್ದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಸಿದ್ದು ಹಲಸಿನ ವಂಶವಾಹಿಯನ್ನು ಯಾರೂ ಪ್ರಯೋಗಶಾಲೆಯಲ್ಲಿ ಮುಟ್ಟಿಲ್ಲ. ಹಾಗಾದರೆ ಅದು ಹಾಗೇಕೆ ಆಯಿತು? ಹಲಸಿನ ಒಂದೇ ಮರದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗಾಳಿಯೂ ಹುಳುಗಳೂ ಬೇರೆ ಬೇರೆ ಮರಗಳ ಪರಾಗವನ್ನು ತಂದು ಬೆರೆಸುತ್ತವೆ. ಆದ್ದರಿಂದ ಒಂದೇ ಹಣ್ಣಿನ ಐವತ್ತು ಬೀಜ ಊರಿದರೆ ಐವತ್ತು ಬಗೆಯ ಮರ. ಒಂದು ಬಕ್ಕೆ, ಒಂದು ಅಂಬಲಿ, ಒಂದು ಸಿಹಿ, ಒಂದು ಸಪ್ಪೆ. ಒಂದೇ ತಾಯಿಯ ಮಕ್ಕಳ ಗುಣ ಒಂದೇ ಇರುತ್ತದೆಯೇ? ಹಾಗೆಯೇ ಇದು. ವಂಶವಾಹಿಗಳು ಬದಲಾಗುವುದು, ಬೆರೆಯುವುದು, ಹೊಸದಾಗುವುದು ಸೃಷ್ಟಿಕರ್ತನು ತನ್ನ ಸೃಷ್ಟಿಯಲ್ಲಿಯೇ ಇಟ್ಟ ಕ್ರಮ. ಮರವೊಂದು ಸೃಷ್ಟಿಯ ಮೊದಲ ದಿನಗಳಿಂದ ಹಾಗೆಯೇ ಇದೆ, ಅದನ್ನು ಮುಟ್ಟಿದರೆ ಕೆಟ್ಟುಹೋಗುತ್ತದೆ ಎಂಬ ಭಾವನೆ ಭಕ್ತಿಯಂತೆ ತೋರಿದರೂ ಹಿತ್ತಿಲ ಹಲಸೇ ಅದನ್ನು ಸುಳ್ಳುಮಾಡುತ್ತದೆ.

ಸಿದ್ದು ಹಣ್ಣಿನ ಬೀಜ ಊರಿದರೆ ಸಿದ್ದು ಬರುವುದಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ಆ ಮರದ ರೆಂಬೆಯನ್ನು ತಂದು ಬೇರೊಂದು ಎಳೆಯ ಹಲಸಿನ ಗಿಡಕ್ಕೆ ಸೇರಿಸಿ ಕಟ್ಟಬೇಕು. ಬೇರು ಒಂದರದು, ಫಲ ಇನ್ನೊಂದರದು. ಇದು ಸಹಜವೇ? ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ಒಮ್ಮೆ ತೆರೆದು ಓದಿ. ಅಲ್ಲಿ ಅವರು ಕಾಡು ಓಲಿವ್ ಮರದ ಕೊಂಬೆಯನ್ನು ತಂದು ಊರ ಓಲಿವ್ ಮರಕ್ಕೆ ಕಸಿಮಾಡಿದ ಹೋಲಿಕೆ ಕೊಡುತ್ತಾರೆ. ಆ ಕಾಡು ಕೊಂಬೆ ಅನ್ಯಜನರು, ಎಂದರೆ ನಾವೇ. ತೋಟಗಾರರು ಮಾಡುವುದು ಇದಕ್ಕೆ ತಿರುಗುಮುರುಗು. ಒಳ್ಳೆಯ ಕೊಂಬೆಯನ್ನು ಒರಟು ಬೇರಿಗೆ ಕಟ್ಟುತ್ತಾರೆಯೇ ಹೊರತು ಕಾಡಿನದನ್ನು ತಂದು ಊರಿನದಕ್ಕೆ ಕಟ್ಟುವುದಿಲ್ಲ. ಪೌಲರು ಪಟ್ಟಣದವರು, ಅವರಿಗೆ ತೋಟದ ಕೆಲಸ ತಿಳಿಯದು ಎಂದು ನಗುವ ವ್ಯಾಖ್ಯಾನಕಾರರೂ ಇದ್ದಾರೆ. ಆದರೆ ಇದು ಸ್ವಭಾವಕ್ಕೆ ವಿರುದ್ಧವಾದ ಕೆಲಸವೆಂದು ಪೌಲರೇ ಅಲ್ಲಿ ಹೇಳುತ್ತಾರೆ. ಹಾಗೆ ಹೇಳಿ, ಅದನ್ನು ಮಾಡಿದವನು ದೇವರೇ ಎನ್ನುತ್ತಾರೆ! ಸಹಜವಲ್ಲದ್ದೆಲ್ಲ ಪಾಪ ಎಂಬ ಸೂತ್ರ ಹಿಡಿದರೆ ನಮ್ಮ ರಕ್ಷಣೆಗೇ ಆಧಾರ ಉಳಿಯದು.

ಎರಡು ಬಗೆಯ ಬೀಜಗಳನ್ನು ಒಂದೇ ಹೊಲದಲ್ಲಿ ಬಿತ್ತಬಾರದು, ಬೇರೆ ಜಾತಿಯ ಪ್ರಾಣಿಗಳನ್ನು ಕೂಡಿಸಬಾರದು ಎಂದು ಯಾಜಕಕಾಂಡದಲ್ಲಿ ಇದೆಯಲ್ಲ ಎಂದು ಕೇಳುವವರುಂಟು. ಇದೆ. ಬೆರಕೆ ನೂಲಿನ ಬಟ್ಟೆ ಉಡಬಾರದೆಂದೂ ಅದೇ ವಚನದಲ್ಲಿದೆ. ಇವು ಹಳೆಯ ಒಡಂಬಡಿಕೆಯ ಜನರನ್ನು ಇತರರಿಂದ ಬೇರೆಯಾಗಿ ಇಡಲು ಕೊಟ್ಟ ವಿಧಿಗಳು. ಧರ್ಮಸಭೆ ಇವನ್ನು ನಮ್ಮ ಮೇಲೆ ಹೇರಿಲ್ಲ. ಅಂದಹಾಗೆ, ಅರಸ ದಾವೀದನು ಸೊಲೊಮೋನನನ್ನು ಅಭಿಷೇಕಕ್ಕೆ ಕಳುಹಿಸಿದ್ದು ತನ್ನ ಹೇಸರಗತ್ತೆಯ ಮೇಲೆ. ಹೇಸರಗತ್ತೆ ಎಂದರೆ ಕುದುರೆ, ಕತ್ತೆಗಳ ಬೆರಕೆಯಲ್ಲದೆ ಮತ್ತೇನು? ಕುಣಿಗಲ್‌ನ ಕುದುರೆ ಫಾರಂ ಅನ್ನು ಬಲ್ಲವರಿಗೆ ಗೊತ್ತು, ತಂದೆ ಯಾವುದು, ತಾಯಿ ಯಾವುದು ಎಂದು ಅಳೆದು ತೂಗಿ ಒಳ್ಳೆಯ ಕುದುರೆಯನ್ನು ಹುಟ್ಟಿಸುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ.

ಇನ್ನೂ ಒಂದು ಸಂಗತಿ. ಈ ವಂಶವಾಹಿಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಯಾವುದೋ ಕಂಪನಿಯ ನೌಕರರಲ್ಲ, ಸಂತ ಅಗಸ್ತೀನರ ಸಭೆಯ ಒಬ್ಬ ಸನ್ಯಾಸಿ ಗುರು. ಇಂದಿನ ಚೆಕ್ ದೇಶದ ಬ್ರನೋ ಪಟ್ಟಣದ ಮಠದ ತೋಟದಲ್ಲಿ ಗ್ರೆಗೋರ್ ಮೆಂಡೆಲ್ ಬಟಾಣಿ ಗಿಡಗಳನ್ನು ಸಾವಿರಗಟ್ಟಲೆ ಬೆಳೆಸಿ, ಕೈಯಿಂದ ಪರಾಗ ಬೆರೆಸಿ, ಗುಣಗಳು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೇಗೆ ಇಳಿಯುತ್ತವೆ ಎಂಬುದನ್ನು ಲೆಕ್ಕಹಾಕಿದರು. 1865ರಲ್ಲಿ ಅದನ್ನು ಓದಿ ಹೇಳಿದರು, ಮರುವರ್ಷ ಅಚ್ಚಾಯಿತು. ಅವರು ಬದುಕಿರುವ ತನಕ ಅದರ ಬೆಲೆಯನ್ನು ಜಗತ್ತು ಅರಿಯಲಿಲ್ಲ. 1884ರಲ್ಲಿ ತೀರಿಕೊಂಡಾಗ ಅವರು ಆ ಮಠದ ಮಠಾಧಿಪತಿಗಳು. ಹೂವಿನಿಂದ ಹೂವಿಗೆ ಪರಾಗ ದಾಟಿಸುತ್ತಿದ್ದ ಆ ಕೈಗಳೇ ಬೆಳಗಿನ ಬಲಿಪೂಜೆಯಲ್ಲಿ ರೊಟ್ಟಿಯನ್ನು ಎತ್ತಿ ಹಿಡಿಯುತ್ತಿದ್ದವು.

ಹಾಗಾದರೆ ಕುಲಾಂತರಿ ಗಿಡದಲ್ಲಿ ಹೊಸತೇನು? ಕಸಿಯಲ್ಲಿ ಎರಡು ಗಿಡಗಳು ಕೂಡಿಕೊಂಡರೂ ಒಂದರ ವಂಶವಾಹಿ ಇನ್ನೊಂದರೊಳಗೆ ಬೆರೆಯುವುದಿಲ್ಲ. ಪರಾಗ ಬೆರೆಸುವಾಗ ಬೆರೆಯುತ್ತದೆ, ಆದರೆ ಹತ್ತಿರದ ಬಂಧುಗಳ ನಡುವೆ ಮಾತ್ರ. ಕುಲಾಂತರಿಯಲ್ಲಿ ಯಾವ ಜೀವಿಯ ವಂಶವಾಹಿಯನ್ನಾದರೂ ಯಾವ ಗಿಡಕ್ಕಾದರೂ ಸೇರಿಸಲು ಪ್ರಯತ್ನಿಸಬಹುದು. ಈಚಿನ ವಂಶವಾಹಿ ತಿದ್ದುಪಡಿಯಲ್ಲಿ ಹೊರಗಿನದನ್ನು ತಾರದೆ ಗಿಡದ್ದೇ ವಂಶವಾಹಿಯಲ್ಲಿ ಒಂದೆರಡು ಅಕ್ಷರ ತಿದ್ದಿದಂತೆ ತಿದ್ದುತ್ತಾರೆ. ಮೇಲೆ ಹೇಳಿದ ಭತ್ತಗಳು ಈ ಎರಡನೆಯ ಬಗೆಯವು.

ಹಣ್ಣಿನ ಗಿಡಗಳಲ್ಲಿ ಕುಲಾಂತರಿ ವಿದ್ಯೆಯಿಂದ ನಿಜವಾಗಿ ಉಪಕಾರವಾದ ಉದಾಹರಣೆಯೂ ಇದೆ. ಹವಾಯಿ ದ್ವೀಪಗಳ ಪ್ಯೂನಾ ಎಂಬ ಪ್ರದೇಶದಲ್ಲಿ ಪರಂಗಿ ಹಣ್ಣೇ ಅನೇಕ ಕುಟುಂಬಗಳ ಜೀವನ. 1992ರಲ್ಲಿ ಅಲ್ಲಿ ಉಂಗುರ ಚುಕ್ಕೆ ರೋಗದ ವೈರಸ್ ಕಾಣಿಸಿಕೊಂಡಿತು. ನಮ್ಮ ಕಡೆಯ ಪರಂಗಿ ತೋಟಗಳನ್ನು ಕಾಡುವುದೂ ಅದೇ. ಔಷಧಿಯಿಲ್ಲ, ಗಿಡ ಕಡಿಯುವುದೊಂದೇ ದಾರಿ. ಹವಾಯಿಯಲ್ಲೇ ಹುಟ್ಟಿದ ಡೆನ್ನಿಸ್ ಗೊನ್ಸಾಲ್ವೆಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಆ ವೈರಸ್ಸಿನ ಹೊರಕವಚದ ವಂಶವಾಹಿಯನ್ನೇ ಪರಂಗಿಗೆ ಸೇರಿಸಿ, ರೋಗ ತಗಲದ ಗಿಡ ಮಾಡಿದರು. 1998ರಲ್ಲಿ ಅದರ ಬೀಜವನ್ನು ಬೆಳೆಗಾರರಿಗೆ ಹಣ ಪಡೆಯದೆ ಹಂಚಲಾಯಿತು. ಅಲ್ಲಿನ ತೋಟಗಳು ಉಳಿದುಕೊಂಡವು. ಇದನ್ನು ಪಾಪ ಎನ್ನಲು ನನಗೆ ಬಾಯಿ ಬಾರದು. ಹಾಗೆಂದು ಎಲ್ಲರಿಗೂ ಒಳಿತೇ ಆಯಿತೆನ್ನುವಂತಿಲ್ಲ. ಜಪಾನಿನವರು 2011ರ ತನಕ ಆ ಹಣ್ಣನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಾಟಿ ಪರಂಗಿಯನ್ನೇ ಬೆಳೆಯುತ್ತೇವೆ ಎಂದವರ ತೋಟಕ್ಕೂ ಪಕ್ಕದ ತೋಟದ ಪರಾಗ ಬರದಂತೆ ತಡೆಯುವುದು ಕಷ್ಟವಾಯಿತು. ಒಬ್ಬನ ಅನುಕೂಲ ಬೇಲಿ ದಾಟಿ ಇನ್ನೊಬ್ಬನ ತೊಂದರೆಯಾಗುವುದು ಹೀಗೆಯೇ.

ಇನ್ನೊಂದು ಬದಿಯಲ್ಲಿ, ಕತ್ತರಿಸಿಟ್ಟರೂ ಕಪ್ಪಾಗದ ಸೇಬನ್ನು ಮಾಡಿದ್ದಾರೆ. ಅಮೆರಿಕದಲ್ಲಿ 2015ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದರಲ್ಲಿ ಕೆಡುಕು ಕಾಣುವುದಿಲ್ಲ, ಆದರೆ ಅದಕ್ಕಾಗಿ ಯಾರ ಹಸಿವು ಕಾದಿತ್ತು? ಕತ್ತರಿಸಿದ ಕೂಡಲೇ ತಿಂದರೆ ಆಗುತ್ತಿತ್ತು.

ಮರದ ವಿಚಾರದಲ್ಲಿ ಇನ್ನೂ ಒಂದು ಎಚ್ಚರ ಬೇಕು. ರಾಗಿಯ ತಪ್ಪು ಒಂದು ಸುಗ್ಗಿಯ ತಪ್ಪು, ಮುಂದಿನ ವರ್ಷ ಬೇರೆ ಬೀಜ ಬಿತ್ತಿದರೆ ತೀರಿತು. ಹಲಸಿನ ಮರದ ತಪ್ಪು ಮೊಮ್ಮಕ್ಕಳ ಕಾಲದ ತನಕ ನಿಂತಿರುತ್ತದೆ. ಅಮೆರಿಕದಲ್ಲಿ ಚೆಸ್ಟ್‌ನಟ್ ಎಂಬ ಕಾಡುಮರವೊಂದಿತ್ತು, ಅದರ ಕಾಯಿ ಬೆಟ್ಟದ ಬಡವರ ಆಹಾರ. 1904ರಲ್ಲಿ ನ್ಯೂಯಾರ್ಕಿನಲ್ಲಿ ಅದಕ್ಕೆ ಬಂದ ಶಿಲೀಂಧ್ರ ರೋಗ ಐವತ್ತು ವರ್ಷಗಳಲ್ಲಿ ಮುನ್ನೂರು ನಾನ್ನೂರು ಕೋಟಿ ಮರಗಳನ್ನು ನುಂಗಿತು. ಗೋಧಿಯ ಒಂದು ವಂಶವಾಹಿಯನ್ನು ಸೇರಿಸಿ ಆ ಮರವನ್ನು ಮತ್ತೆ ಬೆಳೆಸಲು ಅಲ್ಲಿನ ವಿಶ್ವವಿದ್ಯಾಲಯವೊಂದು ದಶಕಗಳ ಕಾಲ ದುಡಿಯಿತು. ಇದರಲ್ಲಿ ಲಾಭದ ಆಸೆ ಇರಲಿಲ್ಲ, ಸತ್ತ ಕಾಡನ್ನು ಎಬ್ಬಿಸುವ ಆಸೆ ಇತ್ತು. ಆದರೂ 2023ರ ಡಿಸೆಂಬರಿನಲ್ಲಿ, ಜೊತೆಗಿದ್ದ ಚೆಸ್ಟ್‌ನಟ್ ಪ್ರತಿಷ್ಠಾನ ತನ್ನ ಬೆಂಬಲವನ್ನು ಹಿಂತೆಗೆದುಕೊಂಡಿತು. ವರ್ಷಗಟ್ಟಲೆ ಪರೀಕ್ಷಿಸುತ್ತಿದ್ದ ಮರ ತಾವು ತಿಳಿದಿದ್ದ ಮರವೇ ಅಲ್ಲ, ಬೇರೊಂದು ಸಾಲಿನದು, ವಂಶವಾಹಿ ಸೇರಿದ್ದ ಜಾಗವೂ ಬೇರೆ ಎಂದು ತಿಳಿದುಬಂದಿತ್ತು. ಹೊಲದಲ್ಲಿ ಮರಗಳು ನಿರೀಕ್ಷಿಸಿದಷ್ಟು ಚೆನ್ನಾಗಿ ಬೆಳೆಯುತ್ತಲೂ ಇರಲಿಲ್ಲ. ವಿಶ್ವವಿದ್ಯಾಲಯ ತನ್ನ ಪ್ರಯತ್ನ ಬಿಡಲಿಲ್ಲ, ಅದು ಬೇರೆ ಮಾತು. ಒಳ್ಳೆಯ ಮನಸ್ಸೂ ದೊಡ್ಡ ಬುದ್ಧಿಯೂ ಕೂಡಿದಲ್ಲಿಯೇ ಹೀಗಾದರೆ, ಆತುರವೂ ಹಣದ ಆಸೆಯೂ ಕೂಡಿದಲ್ಲಿ ಏನಾಗಬಹುದು ಎಂದು ಊಹಿಸಿ.

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ಏನು? ಕುಲಾಂತರಿ ಗಿಡವೆಂದರೆ ಪಾಪ ಎಂದು ಅದು ಎಲ್ಲಿಯೂ ಹೇಳಿಲ್ಲ, ಕಣ್ಣುಮುಚ್ಚಿ ಒಪ್ಪಿಯೂ ಇಲ್ಲ. ಸಂತ ಎರಡನೆಯ ಜಾನ್ ಪೌಲರು 2000ದ ಜ್ಯೂಬಿಲಿ ವರ್ಷದ ನವೆಂಬರಿನಲ್ಲಿ ಕೃಷಿಕರನ್ನು ಉದ್ದೇಶಿಸಿ ಮಾತನಾಡುತ್ತ, ಇಂಥ ತಂತ್ರಗಳನ್ನು ಕೇವಲ ಹಣದ ಲಾಭದಿಂದ ಅಳೆಯಬಾರದು, ಮೊದಲೇ ವಿಜ್ಞಾನದ ಮತ್ತು ನೀತಿಯ ಪರೀಕ್ಷೆಗೆ ಒಡ್ಡಬೇಕು ಎಂದು ತಿಳಿಹೇಳಿದರು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಈ ಬಗ್ಗೆ ಒಂದೇ ಮಾತಿನ ತೀರ್ಪು ಕೊಡುವುದು ಕಷ್ಟವೆಂದು ಒಪ್ಪಿಕೊಂಡರು. ಆ ಧಾನ್ಯಗಳಿಂದ ಮನುಷ್ಯನಿಗೆ ಕೇಡಾಗುತ್ತದೆಂಬುದಕ್ಕೆ ಖಚಿತ ಪುರಾವೆಯಿಲ್ಲ ಎಂಬುದನ್ನೂ ಮರೆಮಾಚಲಿಲ್ಲ. ಆದರೆ ಕಷ್ಟ ಬೇರೆಡೆ ಇದೆ ಎಂದು ಬೆರಳಿಟ್ಟು ತೋರಿಸಿದರು. ಒಳ್ಳೆಯ ನೆಲ ಕೆಲವರ ಕೈಗೆ ಸೇರುವುದು, ಸಣ್ಣ ರೈತ ನೆಲ ಬಿಟ್ಟು ಪಟ್ಟಣದ ಕೂಲಿಯಾಗುವುದು, ಬಗೆಬಗೆಯ ತಳಿಗಳು ಕರಗುವುದು, ಬೀಜ ಕೆಲವೇ ಕೈಗಳ ಹಿಡಿತಕ್ಕೆ ಹೋಗುವುದು.

ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಸೃಷ್ಟಿಯನ್ನು ಗೌರವಿಸಬೇಕೆಂಬ ಬೋಧನೆ ಯಾವ ಕಟ್ಟಳೆಯ ಕೆಳಗೆ ಬರುತ್ತದೆ ಗೊತ್ತೇ? ನನಗೊಬ್ಬನೇ ದೇವರು ಎನ್ನುವ ಮೊದಲನೆಯ ಕಟ್ಟಳೆಯ ಕೆಳಗೆ ಇರಬೇಕೆಂದು ನಾವು ಎಣಿಸುತ್ತೇವೆ. ಅಲ್ಲ. ಅದು ಇರುವುದು ಏಳನೆಯದರ ಕೆಳಗೆ, ಕದಿಯಬಾರದೆನ್ನುವ ಕಟ್ಟಳೆಯ ಕೆಳಗೆ. ಗಿಡ, ಮರ, ಪ್ರಾಣಿಗಳು ಹಿಂದಿನವರಿಗೂ ಇಂದಿನವರಿಗೂ ಮುಂದೆ ಹುಟ್ಟುವವರಿಗೂ ಸೇರಿದ ಸಾಮಾನ್ಯ ಸೊತ್ತು ಎಂದು ಅಲ್ಲಿ ತಿಳಿಸಿದೆ. ಎಂದರೆ, ಮರದ ವಂಶವಾಹಿಗೆ ಕೈ ಹಾಕುವವನಿಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆ, ನೀನು ದೇವರಾಗಲು ಹೊರಟಿದ್ದೀಯಾ ಎಂಬುದಲ್ಲ. ಇದನ್ನು ಯಾರಿಂದ ತೆಗೆದುಕೊಂಡೆ, ಅವರಿಗೆ ಏನು ಹಿಂದಿರುಗಿಸಿದೆ ಎಂಬುದು.

ಈ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿಯೇ ಒಮ್ಮೆ ಕೇಳಲಾಗಿದೆ. ಬಿಟಿ ಬದನೆಯ ಕಾಲದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೂಲಕ ಕರ್ನಾಟಕದ ಕೆಲವು ನಾಟಿ ಬದನೆ ತಳಿಗಳಿಗೆ ಕುಲಾಂತರಿ ವಂಶವಾಹಿಯನ್ನು ಸೇರಿಸಲಾಯಿತು. ಆ ತಳಿಗಳನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರು ಹಳ್ಳಿಯ ರೈತರು, ಹೆಚ್ಚಾಗಿ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿ ಇಟ್ಟ ಹೆಂಗಸರು. ಅವರನ್ನೂ ಜೈವಿಕ ವೈವಿಧ್ಯ ಮಂಡಳಿಯನ್ನೂ ಕೇಳಿದಿರಾ ಎಂದು 2010ರಲ್ಲಿ ದೂರು ಹೋಯಿತು, ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅದೇ ವರ್ಷದ ಫೆಬ್ರವರಿ 9ರಂದು ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅವರು, ಬೆಂಗಳೂರು ಸೇರಿದಂತೆ ಏಳು ನಗರಗಳಲ್ಲಿ ಜನರ ಮಾತು ಕೇಳಿ, ಬಿಟಿ ಬದನೆಗೆ ತಡೆ ಹಾಕಿದರು. ಬದನೆಯಲ್ಲಿ ವಿಷವಿದೆಯೇ ಎಂಬ ಗದ್ದಲದಲ್ಲಿ, ಬದನೆ ಯಾರದು ಎಂಬ ಪ್ರಶ್ನೆ ಬಹುಮಂದಿಯ ಕಿವಿಗೆ ಬೀಳಲೇ ಇಲ್ಲ.

ಚೇಳೂರಿನ ಒಪ್ಪಂದವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕುಲಾಂತರಿ ಇರಲಿಲ್ಲ, ಚಾಕು, ರೆಂಬೆ, ಪ್ಲಾಸ್ಟಿಕ್ ಪಟ್ಟಿ ಅಷ್ಟೇ ಇದ್ದದ್ದು. ಹಾಗಿದ್ದೂ ರೈತನಿಂದ ನಾಲ್ಕು ರೆಂಬೆ ಕೇಳಿ ತೆಗೆದುಕೊಂಡು, ಲಕ್ಷ ಸಸಿ ಮಾಡಿ, ಒಂದು ಕಾಸೂ ಕೊಡದೆ ಹೋಗಬಹುದಿತ್ತು. ಆಗ ವಿದ್ಯೆ ಎಷ್ಟೇ ಸಹಜವಾಗಿದ್ದರೂ ಅದು ಕಳವೇ ಆಗುತ್ತಿತ್ತು. ನಾಳೆ ಯಾರಾದರೂ ತೆಂಗಿನ ವಂಶವಾಹಿಯನ್ನು ತಿದ್ದಿ ನುಸಿ ಪೀಡೆ ತಗಲದ ಮರ ಮಾಡಿದರು ಎನ್ನೋಣ. ತೊಂಬತ್ತರ ದಶಕದ ಕೊನೆಗೆ ಆ ನುಸಿ ಬಂದಾಗ ನಮ್ಮ ಜಿಲ್ಲೆಯ ತೆಂಗಿನ ತೋಟಗಳ ಗತಿ ಏನಾಯಿತೆಂದು ಹಿರಿಯರನ್ನು ಕೇಳಿ. ಕಾಯಿ ಸುಕ್ಕುಗಟ್ಟಿ, ಸಿಪ್ಪೆ ಕಂದಾಗಿ, ಕೊಬ್ಬರಿ ಕೈಗೆ ಹತ್ತದೆ, ಸಾಲ ತೀರಿಸಲಾಗದೆ ಒದ್ದಾಡಿದ ಮನೆಗಳೆಷ್ಟೋ. ಅಂಥ ಸಸಿ ಚೆನ್ನಾಗಿ ಪರೀಕ್ಷೆಯಾಗಿ, ಅದರ ಕಾಯನ್ನು ರೈತ ತಾನೇ ಮೊಳೆಯಿಸಿ ನೆಡುವ ಸ್ವಾತಂತ್ರ್ಯ ಉಳಿಸಿಕೊಂಡು, ನಾಟಿ ತೆಂಗನ್ನೇ ಇಟ್ಟುಕೊಳ್ಳುತ್ತೇನೆಂಬ ಪಕ್ಕದವನಿಗೂ ರಕ್ಷಣೆಯಿದ್ದು ಬರುವುದಾದರೆ, ನಾನು ಅದನ್ನು ಬೇಡವೆನ್ನಲಾರೆ. ಕುಲಾಂತರಿ ಎಂಬ ಒಂದೇ ಕಾರಣಕ್ಕೆ ಬೇಡವೆನ್ನುವುದು ಬಡವನ ಕಣ್ಣೀರಿಗಿಂತ ನಮ್ಮ ಭಾವನೆಗೆ ಹೆಚ್ಚು ಬೆಲೆ ಕಟ್ಟಿದಂತೆ.

ಬೀಜದ ಒಡೆತನದ ಜಗಳ ಕುಲಾಂತರಿಗೆ ಮಾತ್ರ ಅಂಟಿದ್ದೂ ಅಲ್ಲ. 2019ರಲ್ಲಿ ಗುಜರಾತಿನ ಸಣ್ಣ ರೈತರು ತನ್ನ ತಳಿಯ ಆಲೂಗಡ್ಡೆ ಬೆಳೆದರೆಂದು ಪೆಪ್ಸಿಕೋ ಕಂಪನಿ ಅವರ ಮೇಲೆ ಮೊಕದ್ದಮೆ ಹೂಡಿತು, ಜನ ತಿರುಗಿಬಿದ್ದ ಮೇಲೆ ಹಿಂತೆಗೆದುಕೊಂಡಿತು. ಆ ಆಲೂಗಡ್ಡೆ ಕುಲಾಂತರಿಯಲ್ಲ. ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣಾ ಕಾಯ್ದೆ ರೈತನಿಗೆ ಕೊಟ್ಟಿದೆ ಎಂಬುದನ್ನು ನಮ್ಮ ಯುವಜನ ಸಂಘಗಳಾದರೂ ತಿಳಿದು ಹೇಳಿದರೆ ಒಳ್ಳೆಯದು.

ಏಳನೆಯ ಕಟ್ಟಳೆ ಕಂಪನಿಗಳಿಗೆ ಮಾತ್ರ ಬರೆದದ್ದೂ ಅಲ್ಲವಷ್ಟೆ. ಸಸಿ ಮಾರುವವನೊಬ್ಬ ಯಾವುದೋ ಹಲಸಿನ ಗಿಡಕ್ಕೆ ಸಿದ್ದು ಎಂಬ ಚೀಟಿ ಕಟ್ಟಿ ಮಾರಿದನೆನ್ನಿ. ಕೊಂಡ ರೈತನಿಗೆ ಮೋಸ ತಿಳಿಯುವುದು ಮೊದಲ ಹಣ್ಣು ಬಿಟ್ಟಾಗ, ಮೂರು ನಾಲ್ಕು ವರ್ಷಗಳ ನಂತರ. ಆ ವರ್ಷಗಳನ್ನು ಅವನಿಗೆ ಯಾರು ಕೊಡುತ್ತಾರೆ? ಪಾಪನಿವೇದನೆಯಲ್ಲಿ ನಾವು ಹಣ ಕದ್ದದ್ದನ್ನು ಹೇಳುತ್ತೇವೆ, ತೂಕದಲ್ಲಿ ಮೋಸ ಮಾಡಿದ್ದನ್ನು ಕೆಲವರಾದರೂ ಹೇಳುತ್ತಾರೆ. ಇನ್ನೊಬ್ಬನ ನಾಲ್ಕು ವರ್ಷ ಕದ್ದದ್ದನ್ನು ಹೇಳಿದವರುಂಟೇ?

ಕೊನೆಯದಾಗಿ, ನನ್ನನ್ನು ಬಹಳ ಕಾಡಿದ ಸಂಗತಿಯೊಂದಿದೆ. ಸಿದ್ದು ಹಲಸು ಎಲ್ಲಿಂದ ಬಂತು? ಬೀಜದಿಂದ. ತುಮಕೂರು ಸೀಮೆಯ ಬದುಗಳ ಮೇಲೆ, ಯಾರ ಲೆಕ್ಕಕ್ಕೂ ಸಿಗದೆ, ಒಂದರಂತೆ ಇನ್ನೊಂದಿಲ್ಲದೆ ಬೆಳೆದ ಸಾವಿರಾರು ಬೀಜದ ಮರಗಳಿಂದ. ಅವುಗಳಲ್ಲಿ ಬಹುಪಾಲು ಸಾಧಾರಣ, ಕೆಲವು ತಿನ್ನಲೂ ಆಗದವು, ಎಲ್ಲೋ ಒಂದು ಸಿದ್ದು, ಎಲ್ಲೋ ಒಂದು ಶಂಕರ. ಈಗ ಸಿದ್ದುವಿನ ಹೆಸರು ಹರಡಿ ಎಲ್ಲರೂ ಕಸಿ ಸಸಿಯನ್ನೇ ನೆಟ್ಟು, ಹಳೆಯ ಬೀಜದ ಮರಗಳನ್ನು ಕಡಿದು ನಾಟಾಕ್ಕೆ ಮಾರಿಬಿಟ್ಟರೆ, ಮುಂದಿನ ಸಿದ್ದು ಎಲ್ಲಿ ಹುಟ್ಟಬೇಕು? ಕಸಿಯ ಗಿಡಗಳೆಲ್ಲ ಒಂದೇ ಮರದ ಪಡಿಯಚ್ಚು. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲುತ್ತದೆ. ಆಗ ಪರಿಹಾರಕ್ಕೆ ಪ್ರಯೋಗಶಾಲೆಗೆ ಓಡಿದರೂ ಅಲ್ಲಿನವರು ಹುಡುಕುವುದು ಇಂಥದೇ ಯಾವುದೋ ಬದುವಿನ ಮರದ ವಂಶವಾಹಿಯನ್ನು. ಕಸಿಯಾಗಲಿ, ತಿದ್ದುಪಡಿಯಾಗಲಿ, ಎರಡೂ ಹಿಂದಿನವರು ಕೂಡಿಟ್ಟ ಹಗೇವಿನಿಂದ ಕಾಳು ತೆಗೆಯುವ ಕೆಲಸ. ತುಂಬುವ ಕೆಲಸವನ್ನು ಮಾಡಿದವರು ಹೆಸರಿಲ್ಲದ ಜನ, ಹಲಸು ತಿಂದು ಬೀಜ ಊರಿದವರು. ಮನೆಗಳಲ್ಲಿ ಪಾಲು ಆಗುವಾಗ ಮೊದಲು ಕೊಡಲಿ ಬೀಳುವುದು ಇಂಥ ಮರಕ್ಕೇ ಎಂಬುದನ್ನು ನೀವೂ ಕಂಡಿರಬಹುದು. ಅಣ್ಣನ ಪಾಲಿಗೂ ಬೇಡ, ತಮ್ಮನ ಪಾಲಿಗೂ ಬೇಡ, ಗಡಿಯಲ್ಲಿದೆ, ಮಾರಿ ಹಂಚಿಕೊಳ್ಳೋಣ. ಯುದ್ಧದಲ್ಲಿ ಶತ್ರುವಿನ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರ ಕಡಿಯಬಾರದೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಅಣ್ಣತಮ್ಮಂದಿರ ನಡುವಿನ ಜಗಳ ಅದಕ್ಕಿಂತ ದೊಡ್ಡ ಯುದ್ಧವೇ?

ಈ ಮಳೆಗಾಲಕ್ಕೆ ಹಿರೇಹಳ್ಳಿಯಿಂದಲೋ ಚೇಳೂರಿನಿಂದಲೋ ಕಸಿ ಸಸಿ ತರುವ ಮನಸ್ಸಿದ್ದರೆ ಖಂಡಿತ ತನ್ನಿ, ಸರಿಯಾದ ಕಡೆಯೇ ಕೊಳ್ಳಿ. ಅದರ ಜೊತೆಗೆ ಬದುವಿನಲ್ಲಿ ಎರಡು ಬೀಜದ ಗಿಡಗಳಿಗೂ ಜಾಗ ಬಿಡಿ, ಅದನ್ನು ಮಕ್ಕಳ ಕೈಯಿಂದಲೇ ಊರಿಸಿ. ಒಂದು ಮಾತು ನೆನಪಿರಲಿ. ಹಲಸಿನ ಬೀಜ ರಾಗಿಯಂತೆ ಕಾದಿಟ್ಟು ಬಿತ್ತುವಂಥದಲ್ಲ, ಒಣಗಿದರೆ ಮೊಳೆಯದು. ತೊಳ‌ೆ ತಿಂದ ವಾರದೊಳಗೆ ಒದ್ದೆ ಮಣ್ಣಿಗೆ ಸೇರಿಸಬೇಕು.